ರಾಕಿ ಭಾಯಿ ನಮ್ಮವನೇನು?

ಕೆಲವು ವರ್ಷಗಳ ಹಿಂದಿನವರೆಗೂ ಮುಂಬ್ರಾ, ಕಳವಾ, ದಿವಾ ಕಡೆಗಳಲ್ಲಿ ನಾವು ಕನ್ನಡಿಗರೆಂದು ಹೇಳಿಕೊಂಡರೆ ನೆರೆಹೊರೆಯವರ ಮುಂದಿನ ಮಾತು ಹೋಟೆಲಿನ ಸುತ್ತಲೇ ಸುಳಿಯುತ್ತಿತ್ತು. ಇಡ್ಲಿ, ದೋಸೆ, ಶೆಟ್ಟರ ಗಲ್ಲಾಪೆಟ್ಟಿಗೆ, ಬೆಳಗಿನ ಐದಕ್ಕೇ ಎದ್ದು ಒಲೆ ಹಚ್ಚುವ ಹುಡುಗರು. ಅದರಲ್ಲಿ ಸ್ವಲ್ಪ ಪರಿಹಾಸ್ಯವಿದ್ದರೂ ಬಹುಪಾಲು ಗೌರವವೇ ಇರುತ್ತಿತ್ತು. ಈಗ ಆ ಮಾತು ಬದಲಾಗಿದೆ. ಪಕ್ಕದ ಮನೆಯ ಉರ್ದು ಮಾತಿನ ಹುಡುಗನಾಗಲಿ, ಮೇಲಿನ ಮಾಳಿಗೆಯ ಮರಾಠಿ ಹುಡುಗನಾಗಲಿ, ನಾವು ಕನ್ನಡದವರೆಂದು ತಿಳಿದ ಕೂಡಲೇ 'ಓಹೋ, ರಾಕಿ ಭಾಯಿಯ ಊರಿನವರು' ಎನ್ನುತ್ತಾನೆ. ಪ್ರೀತಿಯಿಂದಲೇ ಎನ್ನುತ್ತಾನೆ. ನಮ್ಮ ಮಕ್ಕಳು ಅದನ್ನು ಕೇಳಿ ಎದೆಯುಬ್ಬಿಸುತ್ತಾರೆ. ಮಕ್ಕಳ ತಂದೆತಾಯಿಗಳಲ್ಲಿಯೂ ಹಲವರು ಹಿಗ್ಗುತ್ತಾರೆ. ಈ ಹಿಗ್ಗು ನಮಗೆ ಸಲ್ಲತಕ್ಕದ್ದೇ ಎಂಬ ಪ್ರಶ್ನೆಯನ್ನು ಓದುಗ ಬಂಧುಗಳ ಮುಂದಿಡುವುದೇ ಈ ಬರಹದ ಉದ್ದೇಶ.

'ಕೆ.ಜಿ.ಎಫ್.' ಚಿತ್ರದ ಮೊದಲ ಭಾಗ 2018ರ ಡಿಸೆಂಬರ್ 21ರಂದು, ಎರಡನೆಯ ಭಾಗ 2022ರ ಏಪ್ರಿಲ್ 14ರಂದು ತೆರೆಕಂಡವು. ಪ್ರಶಾಂತ್ ನೀಲ್ ನಿರ್ದೇಶಕರು, ಯಶ್ ನಾಯಕರು, ನಿರ್ಮಾಣ ಹೊಂಬಾಳೆ ಫಿಲ್ಮ್ಸ್ ಸಂಸ್ಥೆಯದು. ಈ ಚಿತ್ರಗಳ ಕಸುಬುಗಾರಿಕೆಯ ಬಗ್ಗೆ ನಮ್ಮ ತಕರಾರಿಲ್ಲ. ಭುವನ್ ಗೌಡರ ಛಾಯಾಗ್ರಹಣವನ್ನೂ ಬಸ್ರೂರಿನ ರವಿಯವರ ಸಂಗೀತವನ್ನೂ ಮೆಚ್ಚದವರು ಕಡಿಮೆ. ಕನ್ನಡ ಚಿತ್ರವೊಂದನ್ನು ನೋಡಬೇಕಾದರೆ ಎಲ್ಲೋ ದೂರದಲ್ಲಿ ಭಾನುವಾರದ ಬೆಳಗಿನ ಒಂದೇ ಒಂದು ಆಟಕ್ಕೆ ಕಾಯಬೇಕಾಗಿದ್ದ ನಮಗೆ, ಠಾಣೆಯಲ್ಲಿಯೂ ಕಲ್ಯಾಣದಲ್ಲಿಯೂ ದಿನಕ್ಕೆ ಹಲವು ಆಟಗಳು ತುಂಬಿ ಓಡಿದ್ದನ್ನು ಕಂಡು ಸಂತೋಷವಾದುದು ಸಹಜ. ಎರಡನೆಯ ಭಾಗದ ಗಳಿಕೆ ಸಾವಿರ ಕೋಟಿ ದಾಟಿತೆಂದು ಪತ್ರಿಕೆಗಳು ಬರೆದವು. 2022ನೆಯ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು 2024ರ ಆಗಸ್ಟಿನಲ್ಲಿ ಪ್ರಕಟವಾದಾಗ ಅತ್ಯುತ್ತಮ ಕನ್ನಡ ಚಿತ್ರವೆಂಬ ಮನ್ನಣೆಯೂ ಅದಕ್ಕೇ ಬಂದಿತು. ಹೀಗಿರುವಾಗ ಇದು ಕೇವಲ ಹುಡುಗರ ಮೋಜಿನ ವಿಷಯವೆಂದು ತಳ್ಳಿಹಾಕುವಂತಿಲ್ಲ. ಕನ್ನಡದ ಹೆಸರಿನಲ್ಲಿ ದೇಶವೆಲ್ಲ ತಿಳಿದಿರುವ ಕಥೆ ಇಂದು ಇದು. ಅದರಲ್ಲಿಯೂ ಇದು ಮುಂಬಯಿಗೆ ಬಂದ ಕನ್ನಡ ಹುಡುಗನೊಬ್ಬನ ಕಥೆ. ಆದ್ದರಿಂದ ಇದರ ಗುಣಾವಗುಣಗಳನ್ನು ವಿಚಾರಿಸುವ ಹಕ್ಕು ಬೆಂಗಳೂರಿನವರಿಗಿಂತ ನಮಗೇ ಒಂದು ಗುಲಗಂಜಿ ಹೆಚ್ಚು.

ಕಥೆಯನ್ನು ಬಲ್ಲವರು ಮನ್ನಿಸಬೇಕು. ನೋಡದ ಹಿರಿಯರಿಗಾಗಿ ಎರಡು ಮಾತು. 1951ರಲ್ಲಿ ಮೈಸೂರು ಸೀಮೆಯ ಬಡ ತಾಯಿಯೊಬ್ಬಳ ಹೊಟ್ಟೆಯಲ್ಲಿ ಒಂದು ಗಂಡು ಮಗು ಹುಟ್ಟುತ್ತದೆ. ಅದೇ ಹೊತ್ತಿಗೆ ನರಾಚಿ ಎಂಬ ಕಲ್ಪಿತ ಊರಿನಲ್ಲಿ ಚಿನ್ನದ ನಿಕ್ಷೇಪ ಸಿಗುತ್ತದೆ. ಔಷಧಕ್ಕೆ ಕಾಸಿಲ್ಲದೆ ಸಾಯುವ ತಾಯಿ ಹತ್ತು ವರ್ಷದ ಮಗನಿಂದ ಒಂದು ಭಾಷೆ ತೆಗೆದುಕೊಳ್ಳುತ್ತಾಳೆ: ಹೇಗೆ ಬದುಕಿದರೂ ಸರಿ, ಸಾಯುವಾಗ ಬಡವನಾಗಿ ಸಾಯಬಾರದು. ಹುಡುಗ ಮುಂಬಯಿಗೆ ಬಂದು ಬೂಟು ಪಾಲಿಶ್ ಮಾಡುತ್ತಾನೆ, ಹೆಸರು ಗಳಿಸಲೆಂದು ಪೊಲೀಸನ ತಲೆಯ ಮೇಲೆ ಬಾಟಲಿ ಒಡೆಯುತ್ತಾನೆ, ಕಳ್ಳಸಾಗಣೆಯವರ ಬಲಗೈಯಾಗುತ್ತಾನೆ. ಮುಂದೆ ನರಾಚಿಯ ಒಡೆಯ ಗರುಡನನ್ನು ಕೊಲ್ಲುವ ಕೆಲಸ ಅವನ ಪಾಲಿಗೆ ಬರುತ್ತದೆ. ಗುಲಾಮರ ಗುಂಪಿನಲ್ಲಿ ತಾನೂ ಗುಲಾಮನಾಗಿ ಗಣಿಯೊಳಕ್ಕೆ ನುಗ್ಗಿ, ಅಲ್ಲಿಯ ಜನರ ಪಾಡನ್ನು ಕಣ್ಣಾರೆ ಕಂಡು, ಕೊನೆಗೆ ಗರುಡನ ತಲೆ ಕಡಿಯುತ್ತಾನೆ. ಮೊದಲ ಭಾಗ ಅಲ್ಲಿಗೆ ಮುಗಿಯುತ್ತದೆ.

ಅಲ್ಲಿಯವರೆಗೆ ನೋಡುವವನ ಮನಸ್ಸು ಆ ಹುಡುಗನ ಕಡೆಗೇ ಇದ್ದರೆ ಆಶ್ಚರ್ಯವಿಲ್ಲ. ಸಂಕೋಲೆಯಲ್ಲಿರುವ ಸಾವಿರಾರು ಜನರ ಪರವಾಗಿ ಒಬ್ಬ ಕೈಯೆತ್ತಿದ್ದಾನೆ, ಸರಿ. ಆದರೆ ಮರುದಿನ ಬೆಳಿಗ್ಗೆ ಏನಾಯಿತು? ಎರಡನೆಯ ಭಾಗವನ್ನು ನಿಧಾನವಾಗಿ ನೋಡಿರಿ. ಒಡೆಯ ಸತ್ತ ಮೇಲೆ ಗಣಿಯ ಬಾಗಿಲು ತೆರೆಯಲಿಲ್ಲ. ಜನ ತಮ್ಮ ತಮ್ಮ ಊರಿಗೆ ಹೋಗಲಿಲ್ಲ. ಹೊಸ ಒಡೆಯನ ಮೊದಲ ಅಪ್ಪಣೆಯೆಂದರೆ ಮತ್ತೆ ಅಗೆಯುವುದು, ಇನ್ನೂ ಹೆಚ್ಚು ಅಗೆಯುವುದು. ಸಂಕೋಲೆಯ ಜಾಗಕ್ಕೆ ಮನೆ ಬಂತು, ಊಟ ಬಂತು. ಅದರ ಜೊತೆಗೆ ಕೈಗೆ ಬಂದೂಕೂ ಬಂತು. ನಿನ್ನೆ ಗರುಡನಿಗಾಗಿ ಅಗೆದವರು ಇಂದು ರಾಕಿಗಾಗಿ ಅಗೆಯುವುದಲ್ಲದೆ ರಾಕಿಗಾಗಿ ಸಾಯಲೂ ಸಿದ್ಧರಾದರು. ಒಂದು ತುಂಡು ಚಿನ್ನವನ್ನು ಬಿಡಿಸಿಕೊಂಡು ಬರಲು ಆತ ಇಡೀ ಪೊಲೀಸ್ ಠಾಣೆಯನ್ನು ಗುಂಡಿನಿಂದ ಜರಡಿ ಮಾಡಿ, ಕಾದು ಕೆಂಪಾದ ಆ ಕೊಳವೆಯಲ್ಲಿ ಸಿಗರೇಟು ಹಚ್ಚಿಕೊಳ್ಳುತ್ತಾನೆ. ಪಾರ್ಲಿಮೆಂಟಿಗೇ ನುಗ್ಗಿ ಮನುಷ್ಯನೊಬ್ಬನನ್ನು ಕೊಲ್ಲುತ್ತಾನೆ. ಕಟ್ಟಕಡೆಗೆ ಜನರನ್ನು ಆಚೆ ಕಳುಹಿಸಿ, ಅವರು ತಲೆತಲಾಂತರ ಬೆವರು ಸುರಿಸಿ ತೆಗೆದ ಚಿನ್ನವನ್ನೆಲ್ಲ ಒಂದು ಹಡಗಿಗೆ ತುಂಬಿಕೊಂಡು, ಅದರೊಡನೆ ತಾನೂ ಸಮುದ್ರದ ತಳ ಸೇರುತ್ತಾನೆ. ತಾಯಿಗೆ ಕೊಟ್ಟ ಭಾಷೆ ನೆರವೇರಿತಂತೆ.

ಆ ಚಿನ್ನ ಯಾರದು? ಈ ಒಂದು ಪ್ರಶ್ನೆಯನ್ನು ಚಿತ್ರ ಎಲ್ಲಿಯೂ ಕೇಳುವುದಿಲ್ಲ. ಗುಲಾಮನ ಬೆನ್ನಿನ ಮೇಲೆ ಚಾಟಿಯೇಟು ಬಿದ್ದಾಗ ಕಂಬನಿ ಮಿಡಿದ ಚಿತ್ರ, ಅದೇ ಗುಲಾಮನ ದುಡಿಮೆಯ ಫಲವನ್ನು ಒಬ್ಬನು ತನ್ನ ಗೋರಿಗೆ ಒಡವೆಯಾಗಿ ಕೊಂಡೊಯ್ದಾಗ ಕೊಂಬು ಕಹಳೆ ಊದುತ್ತದೆ. ಅನ್ಯಾಯಕ್ಕೆ ಸೇಡು ತೀರಿಸಿಕೊಳ್ಳಲು ಹೊರಟವನು ಅದೇ ಅನ್ಯಾಯದ ಗದ್ದುಗೆಯ ಮೇಲೆ ಕುಳಿತುಕೊಳ್ಳುವುದು ಲೋಕದಲ್ಲಿ ಹೊಸದಲ್ಲ. ಎಲ್ಲ ದೇಶಗಳ ಇತಿಹಾಸದಲ್ಲಿಯೂ ಅದು ನಡೆದಿದೆ. ಅದನ್ನು ಪತನವೆಂದು ತೋರಿಸಿದ್ದರೆ ನಾವೇ ಈ ಚಿತ್ರವನ್ನು ಹೊಗಳಿ ಬರೆಯುತ್ತಿದ್ದೆವು. ಇಲ್ಲಿ ಪತನವನ್ನೇ ಪಟ್ಟಾಭಿಷೇಕವೆಂದು ತೋರಿಸಲಾಗಿದೆ. ನಮ್ಮ ಆಕ್ಷೇಪವೆಲ್ಲ ಇರುವುದು ಅಲ್ಲಿ.

'ಮಹಾಭಾರತದಲ್ಲಿ ರಕ್ತವಿಲ್ಲವೇ? ಯಕ್ಷಗಾನದಲ್ಲಿ ತಲೆ ಕಡಿಯುವುದಿಲ್ಲವೇ?' ಎಂದು ಕೆಲವು ಮಿತ್ರರು ಕೇಳುತ್ತಾರೆ. ಉಂಟು, ಧಾರಾಳವಾಗಿ ಉಂಟು. ಆದರೆ ನಮ್ಮ ಹಿಂದಿನವರು ಆ ರಕ್ತದ ಮುಂದೆ ಪ್ರೇಕ್ಷಕನನ್ನು ಹೇಗೆ ನಿಲ್ಲಿಸಿದರು ನೋಡಿ. ಹತ್ತನೆಯ ಶತಮಾನದ ರನ್ನ ತನ್ನ 'ಗದಾಯುದ್ಧ'ದಲ್ಲಿ ದುರ್ಯೋಧನನನ್ನು ಕ್ಷುದ್ರನನ್ನಾಗಿ ಮಾಡಲಿಲ್ಲ. ಛಲವಂತನೆಂದು ಬಾಯ್ತುಂಬ ಹೊಗಳಿದ. ಹೊಗಳಿದ ಮೇಲೆ ಅದೇ ದುರ್ಯೋಧನನನ್ನು ಸಂಜಯನ ಜೊತೆಯಲ್ಲಿ ಹೆಣಗಳ ನಡುವೆ ನಡೆಸಿದ. ಗುರು ದ್ರೋಣ, ತಮ್ಮ ದುಶ್ಶಾಸನ, ಮಗ ಲಕ್ಷಣಕುಮಾರ, ಗೆಳೆಯ ಕರ್ಣ, ಒಬ್ಬೊಬ್ಬರ ಹೆಣದ ಮುಂದೆಯೂ ಆತ ನಿಲ್ಲಲೇಬೇಕಾಯಿತು. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆ ನಿಂತು ಆ ಬಾಲಕನ ಶೌರ್ಯಕ್ಕೆ ಕೈಮುಗಿಯಬೇಕಾಯಿತು. ಸೇಡಿನ ಲೆಕ್ಕ ಎಷ್ಟಾಯಿತೆಂಬುದನ್ನು ಸೇಡು ತೀರಿಸಿಕೊಳ್ಳಹೊರಟವನ ಕಣ್ಣಿನಿಂದಲೇ ಕವಿ ಎಣಿಸಿ ತೋರಿಸಿದ್ದಾನೆ. ಅಶ್ವತ್ಥಾಮನ ಕಥೆಯಂತೂ ಇನ್ನೂ ಕಠೋರ. ತಂದೆಯ ಸಾವಿಗೆ ಸೇಡೆಂದು ಹೊರಟವನು ನಿದ್ರಿಸುತ್ತಿದ್ದ ದ್ರೌಪದಿಯ ಐವರು ಮಕ್ಕಳನ್ನು ಕೊಂದ. ತಂದೆಯನ್ನು ಮೋಸದಿಂದ ಕೊಂದರೆಂಬ ಅವನ ಕೋಪ ನ್ಯಾಯವಾದದ್ದೇ ಆಗಿತ್ತು. ಆದರೂ ಅವನಿಗೆ ನಮ್ಮ ಹಿರಿಯರು ಕೊಟ್ಟದ್ದು ಕಿರೀಟವನ್ನಲ್ಲ, ಹಣೆಯ ಮಣಿ ಕಳೆದುಕೊಂಡು ಕೀವು ಸೋರಿಸುತ್ತ ಅಲೆಯುವ ಶಾಪವನ್ನು. ತಾಳಮದ್ದಳೆಯಲ್ಲಿ ಈ ಪಾತ್ರಗಳ ಪರವಾಗಿ ಅರ್ಧ ರಾತ್ರಿ ವಾದಿಸುವ ಅರ್ಥಧಾರಿಯೂ ಬೆಳಗಾಗುವ ಹೊತ್ತಿಗೆ ಆ ಹೆಣಗಳ ಮುಂದೆ ಬಂದು ನಿಲ್ಲುತ್ತಾನೆ. ರಾಕಿಯೂ ತನ್ನ ಹೆಂಡತಿಯನ್ನು ಕಳೆದುಕೊಂಡು ಅಳುತ್ತಾನೆ, ನಿಜ. ಆದರೆ ಅವನ ಗುಂಡಿಗೆ ಬಿದ್ದವರ ಮುಖವನ್ನು ಕ್ಯಾಮೆರಾ ಒಮ್ಮೆಯಾದರೂ ತಿರುಗಿ ನೋಡಿದೆಯೇ?

ಅಷ್ಟು ಹಿಂದೆ ಹೋಗುವುದೂ ಬೇಡ. ಈ ಮುಂಬಯಿಯದೇ ಕಥೆ 'ದೀವಾರ್' 1975ರಲ್ಲಿ ಬಂದಿತ್ತು. ನಮ್ಮಲ್ಲಿ ಅದನ್ನು ನೋಡದ ಹಿರಿಯರಿಲ್ಲ. ಅಲ್ಲಿಯೂ ಬೂಟು ಪಾಲಿಶ್ ಮಾಡುವ ಹುಡುಗ, ಅಲ್ಲಿಯೂ ಕಷ್ಟಪಡುವ ತಾಯಿ, ಅಲ್ಲಿಯೂ ಕಳ್ಳಸಾಗಣೆಯ ದಾರಿ. ತಾಯಿ ಒಂದು ಕಾಲದಲ್ಲಿ ಇಟ್ಟಿಗೆ ಹೊತ್ತಿದ್ದ ಕಟ್ಟಡವನ್ನೇ ಮಗ ಕೊಂಡುಕೊಳ್ಳುತ್ತಾನೆ. ಆದರೆ ದುಡ್ಡು ಬಂದ ದಾರಿ ತಿಳಿದ ದಿನವೇ ಆ ತಾಯಿ ಅವನ ಬಂಗಲೆಯನ್ನು ಬಿಟ್ಟು ಬಡ ಮಗನ ಜೊತೆ ಹೊರಟುಹೋಗುತ್ತಾಳೆ. ಆ ಚಿತ್ರಕ್ಕೆ ನ್ಯಾಯದ ತಕ್ಕಡಿ ಆ ತಾಯಿಯೇ. 'ಕೆ.ಜಿ.ಎಫ್.'ನಲ್ಲಿ ತಾಯಿಯನ್ನು ಮೊದಲೇ ಸಾಯಿಸಿ, ಅವಳ ಮಾತನ್ನು ಮಾತ್ರ ಉಳಿಸಿಕೊಳ್ಳಲಾಗಿದೆ. ಅವಳು ಬದುಕಿದ್ದು ನರಾಚಿಗೆ ಬಂದಿದ್ದರೆ ಏನೆನ್ನುತ್ತಿದ್ದಳು? ಸತ್ತವಳು ಮಾತಾಡುವಂತಿಲ್ಲ, ಮಗನನ್ನು ಬೈಯುವಂತಿಲ್ಲ. ಮಗ ಎಷ್ಟು ಕೊಂದರೂ ಅದು ಅಮ್ಮನಿಗಾಗಿ ಎಂದಾಗುತ್ತದೆ. ಮಾತೃಭಕ್ತಿಯನ್ನು ಹೀಗೆ ಬಳಸಿಕೊಂಡದ್ದು ತಾಯಂದಿರಿಗೇ ಮಾಡಿದ ಅವಮಾನವೆಂದು ನಾವು ಭಾವಿಸುತ್ತೇವೆ. ನಮ್ಮ ಚಾಳುಗಳಲ್ಲಿ ಹಪ್ಪಳ ಒತ್ತಿ, ಬಟ್ಟೆ ಹೊಲಿದು, ಡಬ್ಬಿ ಕಟ್ಟಿ ಮಕ್ಕಳನ್ನು ಓದಿಸಿದ ಯಾವ ತಾಯಿ ಇಂಥ ಭಾಷೆ ತೆಗೆದುಕೊಂಡಿದ್ದಾಳೆ?

ಇನ್ನು ನಿಜವಾದ ಕೋಲಾರದ ಚಿನ್ನದ ಗಣಿಯ ಮಾತು. ಚಿತ್ರ ತಾನು ಕಲ್ಪಿತವೆಂದು ಹೇಳಿಕೊಂಡಿದೆ, ಒಪ್ಪಿದೆವು. ಆದರೆ ಹೆಸರನ್ನು ಆ ಊರಿನಿಂದಲೇ ತೆಗೆದುಕೊಂಡಿದೆ, ಸೆಟ್ಟುಗಳನ್ನೂ ಆ ಊರಿನ ಸೈನೈಡ್ ದಿಬ್ಬಗಳ ಮೇಲೆಯೇ ಹಾಕಿತ್ತು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯವರು ಅಲ್ಲಿ ಗಣಿಗಾರಿಕೆ ಬೆಳೆಸಿದರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಆ ಗಣಿಗಳಿಗೇ. ತಮಿಳು, ತೆಲುಗು ಸೀಮೆಗಳಿಂದ ಬಂದ ಬಡವರು, ಬಹುಪಾಲು ದಲಿತರು, ನೆಲದ ಕೆಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ದುಡಿದರು. ಬಂಡೆ ಸಿಡಿದು ಸತ್ತರು, ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕಳೆದುಕೊಂಡರು. ಅವರೂ ನಮ್ಮಂತೆಯೇ ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರು.

ಆದರೆ ಅವರು ಯಾವನೋ ಒಬ್ಬ ರಾಕಿಗಾಗಿ ಕಾಯುತ್ತ ಕುಳಿತಿರಲಿಲ್ಲ. 1930ರಲ್ಲಿ ಹೆಬ್ಬೆಟ್ಟಿನ ಗುರುತು ಒತ್ತಿ ಹೆಸರು ನೋಂದಾಯಿಸಬೇಕೆಂಬ ಕಂಪನಿಯ ಅಪ್ಪಣೆ ಬಂದಾಗ, ಸಾವಿರಾರು ಕೂಲಿಗಳು ಸುಮಾರು ಮೂರು ವಾರ ಗಣಿಗೆ ಇಳಿಯದೆ ನಿಂತರು. ಮುಂದೆ ಸಂಘ ಕಟ್ಟಿದರು, ಶಾಲೆ ಕೇಳಿದರು, ಮನೆ ಕೇಳಿದರು, ಆಸ್ಪತ್ರೆ ಕೇಳಿದರು. ಗಣಿಗಳು 1956ರಲ್ಲಿ ಮೈಸೂರು ಸರಕಾರದ ಕೈಗೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕೇಂದ್ರ ಸರಕಾರದ ಕಂಪನಿಯಾಯಿತು. ಅಂದರೆ ಚಿತ್ರದ ರಾಕಿ ಗುಲಾಮರನ್ನು ಉದ್ಧರಿಸಿದನೆನ್ನುವ ಕಾಲಕ್ಕೆ ನಿಜವಾದ ಕೋಲಾರದಲ್ಲಿ ಹಾಜರಿ ಪುಸ್ತಕವಿತ್ತು, ಭವಿಷ್ಯನಿಧಿ ಇತ್ತು, ಕಾರ್ಮಿಕ ಸಂಘಗಳಿದ್ದವು. ಅವೆಲ್ಲ ಸಾಕಾಗುವಷ್ಟು ಇದ್ದವೆಂದು ನಾವು ಹೇಳುತ್ತಿಲ್ಲ. ಇದ್ದಷ್ಟನ್ನು ಆ ಜನರೇ ಹೋರಾಡಿ ಪಡೆದಿದ್ದರೆಂದು ಹೇಳುತ್ತಿದ್ದೇವೆ. ಆ ಹೋರಾಟವನ್ನೆಲ್ಲ ಅಳಿಸಿ, ಅದರ ಜಾಗದಲ್ಲಿ ಬಾಯಿಲ್ಲದ ಗುಲಾಮರ ಮಂದೆಯನ್ನು ನಿಲ್ಲಿಸಿದರೆ ಮಾತ್ರ ಒಬ್ಬ ಬಂದೂಕಿನ ನಾಯಕನಿಗೆ ಜಾಗ ಸಿಗುತ್ತದೆ.

2001ರ ಫೆಬ್ರವರಿ 28ರಂದು ಆ ಗಣಿಗಳು ಮುಚ್ಚಿದವು. ಅಂದಿನಿಂದ ಅಲ್ಲಿಯ ಜನರಿಗೆ ಉಳಿದಿರುವುದು ಗಾಳಿ ಬೀಸಿದಾಗ ಮನೆಯೊಳಕ್ಕೆ ನುಗ್ಗುವ ಸೈನೈಡ್ ದಿಬ್ಬದ ಧೂಳು ಮತ್ತು ಬೆಂಗಳೂರಿನ ರೈಲು. ಬೆಳಕು ಹರಿಯುವ ಮುನ್ನ ಮಾರಿಕುಪ್ಪಂನಿಂದ ಹೊರಡುವ ಗಾಡಿ ಹಿಡಿದು, ನೂರು ಕಿಲೋಮೀಟರು ಹೋಗಿ ದುಡಿದು, ಕತ್ತಲಾದ ಮೇಲೆ ಮನೆ ಸೇರುವವರು ಸಾವಿರಾರು ಮಂದಿ. ಈ ದಿನಚರಿ ಕಲ್ಯಾಣ, ಡೊಂಬಿವಲಿ, ಮುಂಬ್ರಾದ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ಕೋಲಾರದ ಮಕ್ಕಳಿಗೂ ನಮ್ಮ ಮಕ್ಕಳಿಗೂ ನಿಜವಾದ ನಂಟು ಇರುವುದು ಈ ರೈಲಿನಲ್ಲಿ. ಸಾವಿರ ಕೋಟಿ ಗಳಿಸಿದ ಚಿತ್ರದಲ್ಲಿ ಆ ರೈಲಿಗೆ ಒಂದು ನಿಮಿಷದ ಜಾಗವೂ ಸಿಗಲಿಲ್ಲ.

ನಮ್ಮ ರೈಲಿನ ಕಥೆಯನ್ನೂ ಇಲ್ಲಿಯೇ ಹೇಳಬೇಕು. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ನಿಲ್ದಾಣದ ಬಳಿಯ ತಿರುವಿನಲ್ಲಿ, ಎದುರುಬದುರಾದ ಎರಡು ಲೋಕಲ್ ಗಾಡಿಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಒಬ್ಬರಿಗೊಬ್ಬರು ತಾಗಿ ಹಳಿಯ ಮೇಲೆ ಬಿದ್ದರು. ಅಂದು ನಾಲ್ವರು ಜೀವ ಕಳೆದುಕೊಂಡರು. ಅದಕ್ಕೂ ಹಿಂದೆ, 2013ರ ಏಪ್ರಿಲ್ 4ರಂದು ಶಿಳ್‌ಫಾಟಾದ ಲಕ್ಕಿ ಕಂಪೌಂಡಿನಲ್ಲಿ ಕೆಲವೇ ವಾರಗಳಲ್ಲಿ ಎಬ್ಬಿಸಿದ್ದ ಅನಧಿಕೃತ ಕಟ್ಟಡ ಕುಸಿದು 74 ಮಂದಿ ಸತ್ತರು. ಅವರಲ್ಲಿ ಮಕ್ಕಳು ಎಷ್ಟೋ. ಇನ್ನೂ ಮುಗಿಯದ ಆ ಕಟ್ಟಡದಲ್ಲಿಯೇ ಕಟ್ಟುವ ಕೂಲಿಗಳ ಕುಟುಂಬಗಳು ವಾಸವಾಗಿದ್ದವು. ಕಟ್ಟಿಸಿದವರ ಜೊತೆಗೆ ಪಾಲಿಕೆಯ ಅಧಿಕಾರಿಗಳೂ ಬಂಧಿತರಾದರು.

ಈ ಎರಡನ್ನೂ ಇಲ್ಲಿ ಏಕೆ ಎತ್ತಿದೆವೆಂದು ಓದುಗರು ಕೇಳಬಹುದು. ಕಾಯಿದೆ ದುರ್ಬಲರಿಗೆ, ಗಟ್ಟಿಗನಿಗೆ ಅವನ ಮಾತೇ ಕಾಯಿದೆ ಎಂಬುದನ್ನೇ ರಾಕಿಯ ಕಥೆ ಮೂರು ಗಂಟೆಯ ಕಾಲ ಬೋಧಿಸುತ್ತದೆ. ಆ ಬೋಧೆಯನ್ನು ನಮ್ಮ ಸುತ್ತಮುತ್ತ ಬಹಳ ಹಿಂದೆಯೇ ಕಾರ್ಯರೂಪಕ್ಕೆ ತಂದವರಿದ್ದಾರೆ. ಪರವಾನಗಿ ಕೇಳದೆ ಮಾಳಿಗೆಯ ಮೇಲೆ ಮಾಳಿಗೆ ಎಬ್ಬಿಸುವವನು, ಕೇಳಬಂದವನ ಬಾಯಿಗೆ ನೋಟು ತುರುಕುವವನು, ನೋಟಿಗೆ ಬಗ್ಗದವನನ್ನು ಹೆದರಿಸುವವನು, ಇವರೆಲ್ಲ ತಮ್ಮ ತಮ್ಮ ಗಲ್ಲಿಯ ಭಾಯಿಗಳೇ. ಇಂಥವರ ಏಳಿಗೆಯ ಕೆಳಗೆ ಸಿಕ್ಕಿ ಸಾಯುವವರು ಯಾರು? ಊರಿನಿಂದ ಗಂಟುಮೂಟೆ ಕಟ್ಟಿ ಬಂದ ನಮ್ಮಂಥವರೇ. ಬಡವನಿಗೆ ಕಾಯಿದೆಯಲ್ಲದೆ ಬೇರೆ ಗೋಡೆಯಿಲ್ಲ. ಆ ಗೋಡೆ ಬಿರುಕು ಬಿಟ್ಟಿದೆಯೆಂಬ ಕೋಪ ನ್ಯಾಯವಾದದ್ದು. ಆದರೆ ಅದನ್ನು ಒದ್ದು ಕೆಡಹುವವನಿಗೆ ಚಪ್ಪಾಳೆ ತಟ್ಟಿದರೆ ನಾಳೆ ನಾವು ಒರಗುವುದು ಯಾವುದಕ್ಕೆ?

ಮುಂಬ್ರಾದಲ್ಲಿರುವವರು ಇನ್ನೊಂದು ಕಾರಣಕ್ಕಾಗಿಯೂ ಈ ವಿಷಯದಲ್ಲಿ ಎಚ್ಚರವಾಗಿರಬೇಕು. 1992-93ರ ಗಲಭೆಗಳ ನಂತರ ಮುಂಬಯಿಯಿಂದ ಓಡಿಬಂದ ಅದೆಷ್ಟೋ ಮುಸ್ಲಿಂ ಕುಟುಂಬಗಳು ಇಲ್ಲಿ ನೆಲೆಸಿದವು. ಅಂದಿನಿಂದ ಈ ಊರಿನ ಹೆಸರನ್ನೇ ಕೆಟ್ಟ ಬಣ್ಣದಲ್ಲಿ ಅದ್ದುವ ಕಥೆಗಳಿಗೆ ಕೊನೆಯಿಲ್ಲ. ಮುಂಬ್ರಾ ಎಂದೊಡನೆ ಹುಬ್ಬೇರಿಸುವವರನ್ನು ನಾವು ಮದುವೆ ಮಾತುಕತೆಗಳಲ್ಲಿ ಕಂಡಿದ್ದೇವೆ, ಕೆಲಸ ಕೇಳಲು ಹೋದ ಕಡೆಗಳಲ್ಲಿಯೂ ಕಂಡಿದ್ದೇವೆ. ಬೆಟ್ಟದ ಮೇಲೆ ಮುಂಬ್ರಾದೇವಿ, ಕೆಳಗೆ ಮಸೀದಿಗಳು, ಪಕ್ಕದಲ್ಲಿ ಖಾಡಿಯ ನೀರು. ನಡುವೆ ಬೆಳಗಿನ ಗಾಡಿಗೆ ಓಡುವ ಲಕ್ಷಾಂತರ ದುಡಿಯುವ ಜನ. ಈ ಊರಿನ ದಿಟ ಇಷ್ಟೇ. ಆದರೆ ಹೊರಗಿನವರ ಕಥೆಯಲ್ಲಿ ಇದು ಭಾಯಿಗಳ ಊರು. ಒಂದು ಊರಿನ ಮೇಲೆ, ಒಂದು ಜನದ ಮೇಲೆ ಕಟ್ಟಿದ ಕಥೆ ಎಷ್ಟು ಕಾಲ ಬೆನ್ನು ಬಿಡುವುದಿಲ್ಲವೆಂಬುದನ್ನು ನಮಗಿಂತ ಚೆನ್ನಾಗಿ ಬಲ್ಲವರಾರು? ಅಂಥ ನಾವೇ ಕನ್ನಡಿಗನೆಂದರೆ ಬಂದೂಕು ಹಿಡಿದ ಭಾಯಿ ಎಂಬ ಹೊಸ ಕಥೆಗೆ ಕಿವಿಯೊಡ್ಡಿ ಹಿಗ್ಗುವುದೇ?

ಮುಂಬಯಿಗೆ ಬಂದ ಕನ್ನಡ ಹುಡುಗನ ನಿಜವಾದ ಕಥೆ ನಮ್ಮಲ್ಲಿ ಇಲ್ಲದಿದ್ದರೆ ಇರಲಿ ಎನ್ನಬಹುದಿತ್ತು. ಬೇಕಾದಷ್ಟಿದೆ. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಮೈಸೂರು ಅಸೋಸಿಯೇಶನ್ 1926ರಲ್ಲಿ, ಬಂಟರ ಸಂಘ 1927ರಲ್ಲಿ, ಕರ್ನಾಟಕ ಸಂಘ 1933ರಲ್ಲಿ. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ರಾತ್ರಿ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತಲೇ ಅಕ್ಷರ ಕಲಿತರು. ಮೆಟ್ರಿಕ್ ಮುಗಿಸಿ ಬ್ಯಾಂಕು ಸೇರಿದರು, ವಕೀಲರಾದರು, ತಮ್ಮದೇ ಹೋಟೆಲು ತೆರೆದರು, ಊರಿನ ತಮ್ಮಂದಿರನ್ನು ಕರೆಸಿಕೊಂಡು ಅವರನ್ನೂ ರಾತ್ರಿ ಶಾಲೆಗೆ ಹಾಕಿದರು. ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಇಂಥ ಒಬ್ಬ ಅಜ್ಜನಾದರೂ, ದೊಡ್ಡಪ್ಪನಾದರೂ ಇಲ್ಲದ ಮನೆ ವಿರಳ. ಅವರಾರೂ ಹೆಸರು ಗಳಿಸಲು ಪೊಲೀಸನ ತಲೆಗೆ ಬಾಟಲಿ ಒಡೆಯಲಿಲ್ಲ.

ಸಾಮಾನ್ಯರ ಕಥೆ ಸಪ್ಪೆ ಎನ್ನುವವರು ಜಾರ್ಜ್ ಫರ್ನಾಂಡಿಸರನ್ನು ನೋಡಲಿ. 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಪಾದ್ರಿಯಾಗಲು ಹೋಗಿ, ಅಲ್ಲಿ ಮನಸ್ಸು ಮುರಿದು, 1949ರಲ್ಲಿ ಬರಿಗೈಯಲ್ಲಿ ಮುಂಬಯಿಗೆ ಬಂದರು. ಚೌಪಾಟಿಯ ಬೆಂಚುಗಳ ಮೇಲೆ ಮಲಗಿದರು. ಸಿಟ್ಟು ಅವರಲ್ಲಿ ಏನೂ ಕಡಿಮೆಯಿರಲಿಲ್ಲ. ಆ ಸಿಟ್ಟಿನಿಂದ ಅವರು ಕಟ್ಟಿದ್ದು ಹೋಟೆಲ್ ಕಾರ್ಮಿಕರ, ಟ್ಯಾಕ್ಸಿಯವರ, ಪಾಲಿಕೆ ನೌಕರರ ಸಂಘಗಳನ್ನು. 1967ರಲ್ಲಿ ಯಾರೂ ಅಲುಗಿಸಲಾರರೆಂದು ಹೆಸರಾಗಿದ್ದ ಎಸ್. ಕೆ. ಪಾಟೀಲರನ್ನು ದಕ್ಷಿಣ ಮುಂಬಯಿಯಲ್ಲಿ ಮತಪೆಟ್ಟಿಗೆಯಿಂದಲೇ ಸೋಲಿಸಿದರು. ಅವರ ಮುಂದಿನ ರಾಜಕೀಯದ ಬಗ್ಗೆ ಎರಡು ಮಾತಿರಬಹುದು. ಅವರನ್ನು ದೇವರನ್ನಾಗಿ ಮಾಡಬೇಕೆಂದು ನಾವು ಹೇಳುತ್ತಿಲ್ಲ. ಬೀದಿಯಲ್ಲಿ ಮಲಗಿದ್ದ ಕನ್ನಡನಾಡಿನ ಹುಡುಗನೊಬ್ಬ ಈ ನಗರದ ಅಧಿಪತಿಗಳನ್ನು ಅಲುಗಿಸಿದ ಕಥೆ ಬೇಕಾದರೆ ಅದು ನಿಜವಾಗಿ ನಡೆದಿದೆ ಎಂದಷ್ಟೇ ನಮ್ಮ ಮಾತು. ಹಾಗೆಯೇ ನಗರದ ಕ್ರೌರ್ಯವನ್ನು ಅರಿಯಬೇಕೆಂದರೆ 1979ರಲ್ಲಿ ಬಂದ ಯಶವಂತ ಚಿತ್ತಾಲರ 'ಶಿಕಾರಿ' ಕಾದಂಬರಿಯಿದೆ. ಅಲ್ಲಿಯ ನಾಗಪ್ಪ ಇದೇ ಮುಂಬಯಿಯಲ್ಲಿ, ಒಂದು ಕಂಪನಿಯ ಒಳಸಂಚಿನಲ್ಲಿ ಬೇಟೆಯ ಮೃಗದಂತೆ ಸಿಕ್ಕಿಬೀಳುತ್ತಾನೆ. ತಾನೂ ಬೇಟೆಗಾರನಾಗಬೇಕೇ ಎಂಬ ಪ್ರಶ್ನೆಯೇ ಅವನ ಸಂಕಟ. ಆ ಸಂಕಟದ ನೆರಳೂ ರಾಕಿಯ ಮೇಲೆ ಬಿದ್ದಿಲ್ಲ.

'ಸಿನಿಮಾ ಸಿನಿಮಾ ಅಷ್ಟೇ, ಅದನ್ನು ನೋಡಿ ಯಾರು ಕೆಟ್ಟರು?' ಎಂಬುದು ಇನ್ನೊಂದು ವಾದ. ಒಂದು ಚಿತ್ರ ನೋಡಿ ಒಳ್ಳೆಯವನು ಕೊಲೆಗಾರನಾಗುತ್ತಾನೆಂದು ನಾವೂ ನಂಬುವುದಿಲ್ಲ. ಆದರೂ 2022ರ ಸೆಪ್ಟೆಂಬರಿನಲ್ಲಿ ಮಧ್ಯಪ್ರದೇಶದಲ್ಲಿ ನಡೆದದ್ದನ್ನು ಮರೆಯುವಂತಿಲ್ಲ. ಸಾಗರ ಮತ್ತು ಭೋಪಾಲ ನಗರಗಳಲ್ಲಿ ರಾತ್ರಿಪಾಳಿಯ ಕಾವಲುಗಾರರನ್ನು ಒಬ್ಬರಾದ ಮೇಲೊಬ್ಬರಂತೆ ಕೊಂದ ಆರೋಪದ ಮೇಲೆ ಹದಿಹರೆಯ ದಾಟುವ ವಯಸ್ಸಿನ ಹುಡುಗನೊಬ್ಬ ಸಿಕ್ಕಿಬಿದ್ದ. ಹೆಸರು ಗಳಿಸಬೇಕೆಂಬ ಆಸೆಯಿತ್ತೆಂದೂ ಈ ಚಿತ್ರದ ನಾಯಕನ ಪ್ರಭಾವವಿತ್ತೆಂದೂ ಪೊಲೀಸರು ಹೇಳಿದರು. ಆ ಪಾಪವನ್ನು ಚಿತ್ರದ ತಲೆಗೆ ಕಟ್ಟುವುದು ಅನ್ಯಾಯವಾದೀತು. ಆದರೆ ಸತ್ತವರು ಯಾರು? ಸಣ್ಣ ಸಂಬಳಕ್ಕೆ ಇನ್ನೊಬ್ಬರ ಬಾಗಿಲು ಕಾಯುತ್ತಿದ್ದ ಬಡವರು. ರಾಕಿ ಯಾರನ್ನು ಉದ್ಧರಿಸುತ್ತೇನೆಂದು ಹೊರಟನೋ ಆ ಜನ. ಅಶ್ವತ್ಥಾಮನ ರಾತ್ರಿಯಲ್ಲಿಯೂ ಸತ್ತವರು ಮಲಗಿದ್ದವರೇ.

ಸಾವಿರದಲ್ಲಿ ಒಬ್ಬನ ಮಾತು ಹಾಗಿರಲಿ. ಉಳಿದವರ ಮೇಲೆ ಆಗುವ ಪರಿಣಾಮ ಇಷ್ಟು ಭೀಕರವಲ್ಲ, ಆದರೆ ವ್ಯಾಪಕವಾದದ್ದು. ನಮ್ಮ ಕಡೆಯ ಸಭೆ ಸಮಾರಂಭಗಳ ಛದ್ಮವೇಷ ಸ್ಪರ್ಧೆಯಲ್ಲಿ ಹಿಂದೆ ಕಿತ್ತೂರು ಚೆನ್ನಮ್ಮ, ಅಕ್ಕಮಹಾದೇವಿ, ವಿಶ್ವೇಶ್ವರಯ್ಯ ಬರುತ್ತಿದ್ದರು. ಈಗ ಆರು ವರ್ಷದ ಮಗು ಗಡ್ಡ ಅಂಟಿಸಿಕೊಂಡು, ಬಾಯಲ್ಲಿ ಹುಸಿ ಸಿಗರೇಟು, ಕೈಯಲ್ಲಿ ರಟ್ಟಿನ ಮೆಷಿನ್‌ಗನ್ ಹಿಡಿದು ವೇದಿಕೆಗೆ ಬರುತ್ತದೆ. ಸಭೆ ಶಿಳ್ಳೆ ಹಾಕುತ್ತದೆ. ಮಗು ಆ ಬಂದೂಕನ್ನು ಗುರಿಯಿಡುವುದು ಎದುರು ಕುಳಿತ ಅಜ್ಜ ಅಜ್ಜಿಯರ ಕಡೆಗೆ. ಆ ಮಗುವನ್ನಾಗಲಿ ಆ ತಾಯಿಯನ್ನಾಗಲಿ ದೂರಿ ಫಲವಿಲ್ಲ. ಕನ್ನಡದ ಹೆಸರಿನಲ್ಲಿ ಆ ಮಗುವಿಗೆ ನಾವು ಬೇರೆ ಏನನ್ನು ಕೊಟ್ಟಿದ್ದೇವೆ? ಮನೆಯಲ್ಲಿ ಮಾತು ಅರ್ಧ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮರಾಠಿ, ಉರ್ದು. ಕನ್ನಡವೆಂದು ಅದಕ್ಕೆ ಗೊತ್ತಿರುವುದು ಆ ಒಂದು ಚಿತ್ರ, ಅದೂ ಹಿಂದಿಯಲ್ಲಿ. ಗಾಬರಿಯಾಗಬೇಕಾದದ್ದು ಅಲ್ಲಿ.

'ಕನ್ನಡದ ಕೀರ್ತಿ ಹ್ಯೂಸ್ಟನ್ನಿನವರೆಗೆ ಹೋಯಿತು, ನೀವು ಹುಳುಕು ಹುಡುಕುತ್ತೀರಿ' ಎಂದು ಒಬ್ಬ ತರುಣ ಮಿತ್ರರು ನಮ್ಮ ಮೇಲೆ ಸಿಡಿದರು. ಕೀರ್ತಿ ಬೇಡವೆನ್ನಲು ನಾವೇನು ಸನ್ಯಾಸಿಗಳೇ? ಅದೇ ಸಾಲಿನ ಪ್ರಶಸ್ತಿಗಳಲ್ಲಿ 'ಕಾಂತಾರ' ಚಿತ್ರಕ್ಕೂ, ಅದರ ನಟ ರಿಷಬ್ ಶೆಟ್ಟರಿಗೂ ಮನ್ನಣೆ ಸಿಕ್ಕಿತು. ಆ ಚಿತ್ರದಲ್ಲಿಯೂ ಹೊಡೆದಾಟವಿದೆ, ಸಿಟ್ಟಿದೆ. ಆದರೆ ಅದರ ಕೊನೆಯಲ್ಲಿ ಭೂಮಿ ಒಬ್ಬನ ಕೈಗೆ ಹೋಗುವುದಿಲ್ಲ, ಊರಿನ ಜನರ ಕೈಗಳು ಒಟ್ಟಿಗೆ ಸೇರುತ್ತವೆ. ಎರಡಕ್ಕೂ ಇರುವ ಅಂತರವನ್ನು ಓದುಗರೇ ತೂಗಿ ನೋಡಲಿ. ಹೆಸರು ದೂರ ಹೋದಷ್ಟೂ ಅದರ ಜೊತೆ ಏನು ಹೋಗುತ್ತಿದೆ ಎಂದು ನೋಡಿಕೊಳ್ಳುವ ಹೊಣೆ ಹೆಚ್ಚುತ್ತದೆ.

'ಕೊನೆಗೆ ಅವನು ಸಾಯುತ್ತಾನಲ್ಲ, ನೀತಿ ಅಲ್ಲಿಯೇ ಇದೆ' ಎನ್ನುವವರೂ ಉಂಟು. ಹೇಗೆ ಸಾಯುತ್ತಾನೆಂಬುದನ್ನೂ ನೋಡಬೇಕಷ್ಟೆ. ದೇಶದೇಶಗಳ ನೌಕಾಪಡೆಗಳು ಸುತ್ತುಗಟ್ಟಿರುವಾಗ, ತಲೆಯೆತ್ತಿ, ಚಿನ್ನದ ರಾಶಿಯೊಡನೆ. ಅದು ಶಿಕ್ಷೆಯಂತೆ ಕಾಣುವುದಿಲ್ಲ, ಮೆರವಣಿಗೆಯಂತೆ ಕಾಣುತ್ತದೆ. ಹದಿನೈದರ ಹುಡುಗ ಅದನ್ನು ನೋಡಿ ಹೆದರುವುದಿಲ್ಲ, ಆಸೆಪಡುತ್ತಾನೆ.

ಹಾಗಾದರೆ ಏನು ಮಾಡಬೇಕು? ಚಿತ್ರವನ್ನು ನಿಷೇಧಿಸಿರೆಂದು ನಾವು ಹೇಳುವುದಿಲ್ಲ. ನಿಷೇಧದಲ್ಲಿ ನಮಗೆ ನಂಬಿಕೆಯಿಲ್ಲ, ಅದೂ ಒಂದು ಬಗೆಯ ಭಾಯಿಗಿರಿಯೇ. ಮನೆಯಲ್ಲಿ ಮಕ್ಕಳ ಜೊತೆ ಕುಳಿತು ನೋಡಿರಿ. ಮುಗಿದ ಮೇಲೆ ಆ ಚಿನ್ನ ಯಾರದೆಂದು ಅವರನ್ನೇ ಕೇಳಿರಿ. ಮಕ್ಕಳು ನಮಗಿಂತ ಬೇಗ ಉತ್ತರ ಹೇಳುತ್ತಾರೆ.

ಆದರೆ ಸಂಘದ ವೇದಿಕೆ ನಮ್ಮ ಕೈಯಲ್ಲಿದೆ. ಅದರ ಬಗ್ಗೆ ಮೂರು ಸಲಹೆಗಳನ್ನು ಕಾರ್ಯಕಾರಿ ಸಮಿತಿಯ ಮುಂದೆ ಇಡುತ್ತಿದ್ದೇವೆ. ಬರುವ ರಾಜ್ಯೋತ್ಸವದ ವೇದಿಕೆಯ ಮೇಲೆ ಮಕ್ಕಳ ಕೈಗೆ ಬಂದೂಕು ಕೊಡುವ ವೇಷವಾಗಲಿ ಕುಣಿತವಾಗಲಿ ಬೇಡ. ಆ ಹೊತ್ತಿನಲ್ಲಿ 'ಗದಾಯುದ್ಧ'ದ ಒಂದು ತಾಳಮದ್ದಳೆಯನ್ನು ಏರ್ಪಡಿಸಿ, ಹುಡುಗರಿಗೆ ಅರ್ಥವಾಗುವಂತೆ ಮೊದಲೇ ಕಥೆ ಹೇಳಿಸಬೇಕು. ಎರಡನೆಯದಾಗಿ, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ಹಿರಿಯರು ನಮ್ಮ ನಡುವೆ ಇನ್ನೂ ಕೆಲವರಿದ್ದಾರೆ. ತಿಂಗಳಿಗೆ ಒಬ್ಬರನ್ನು ಕರೆಸಿ ಅವರ ಮಾತನ್ನು ಮಕ್ಕಳೇ ಬರೆದುಕೊಳ್ಳುವಂತೆ ಮಾಡಬೇಕು. ಆ ಬರಹಗಳನ್ನು ಈ ಪುಟಗಳಲ್ಲಿಯೇ ಅಚ್ಚು ಹಾಕೋಣ. ಮೂರನೆಯದಾಗಿ, ಭಾನುವಾರದ ಕನ್ನಡ ತರಗತಿಗೆ ಬರುವ ಮಕ್ಕಳ ಸಂಖ್ಯೆ ಕುಗ್ಗುತ್ತಿದೆ. ಸಿನಿಮಾಕ್ಕೆ ಟಿಕೀಟು ಸಿಗದೆ ಎರಡು ಸಲ ಠಾಣೆಗೆ ಹೋಗಿಬಂದ ತಂದೆಯರು, ತಿಂಗಳಿಗೆ ನಾಲ್ಕು ಭಾನುವಾರ ಮಕ್ಕಳನ್ನು ಆ ತರಗತಿಗೆ ಕರೆತಂದು ಬಿಡುವ ಮನಸ್ಸು ಮಾಡಬೇಕು. ಹೆಸರು ಕೊಡಬೇಕೆಂದಿರುವ ಹಿರಿಯರೂ ಪಾಲಕರೂ ಸಂಘದ ಕಾರ್ಯದರ್ಶಿಗಳನ್ನು ಕಾಣಬಹುದು. ನಮ್ಮ ಮಾತನ್ನು ಒಪ್ಪದವರ ಪತ್ರಗಳಿಗೂ ಮುಂದಿನ ಸಂಚಿಕೆಯಲ್ಲಿ ಜಾಗ ಕಾದಿರಿಸಿದ್ದೇವೆ.